ತಲೆಯ ಹತ್ತಿರ ನಿಂತವರು

ಕೂಡುಮೂಲೆ, ಆಲೆಟ್ಟಿ
21 ಜನವರಿ 2025

ದೀಪಶ್ರೀ ಟೀಚರರಿಗೆ,

ದೀಪಕ್ಕ ಎಂದು ಬರೆಯಲು ಹೊರಟವಳು ನಿಲ್ಲಿಸಿದೆ. ಆ ಕರೆ ಸದ್ಯಕ್ಕೆ ಬೇಡ.

ನಿಮ್ಮ ನಂಬರನ್ನು ಬ್ಲಾಕ್ ಮಾಡಿದ್ದು ನಿಮಗೆ ಗೊತ್ತಾಗಿರಬೇಕು. ನಿಮ್ಮ ದನಿ ಕೇಳಿದರೆ ನಾನು ನಂಬಿಬಿಡುತ್ತೇನೆ, ಅದಕ್ಕೇ ಮಾಡಿದೆ. ಕಾಗದವಾದರೆ ಎರಡು ಸಲ ಓದಬಹುದು, ಮೂರನೆಯ ಸಲ ಸಂಶಯಪಡಬಹುದು. ನೀವು ಹೋದ ಕಡಬದ ಶಾಲೆಯ ವಿಳಾಸ ನಮ್ಮ ಜಿಮ್ಮಿನ ಕದೀಜಮ್ಮನಿಂದ ಸಿಕ್ಕಿತು. ನನಗೆ ಒಂದು ಮಾತು ಹೇಳದೆ ಹೋದವರು ಅವರಿಗೆ ಹೇಳಿ ಹೋಗಿದ್ದೀರಿ. ಅದನ್ನೂ ಬರೆದಿಟ್ಟುಕೊಂಡಿದ್ದೇನೆ.

ನಡೆದದ್ದನ್ನು ನನ್ನ ಕಡೆಯಿಂದ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಜನವರಿ ಒಂಬತ್ತು, ಗುರುವಾರ, ಬೆಳಗ್ಗೆ ಆರೂವರೆ. ನಮ್ಮ ಯುವಕ ಮಂಡಲದ ಜಿಮ್ ಕೋಣೆ, ಆರರಿಂದ ಏಳರವರೆಗಿನ ಹೆಂಗಸರ ಸಮಯ. ನಾನು ಬೆಂಚಿನ ಮೇಲೆ ಅಂಗಾತ ಮಲಗಿದ್ದೆ. ಕಬ್ಬಿಣದ ಬಾರಿನಲ್ಲಿ ನಲವತ್ತು ಕಿಲೋ, ನನಗೆ ಮೊದಲ ಸಲ. ನನ್ನ ತಲೆಯ ಹತ್ತಿರ ನೀವು. ಬಾರ್ ಅರ್ಧದಲ್ಲಿ ನಿಂತರೆ ಹಿಡಿಯುವುದು ನಿಮ್ಮ ಕೆಲಸ. ಎದೆಯವರೆಗೆ ಇಳಿಸಿದೆ, ಅರ್ಧ ಎತ್ತಿದೆ, ಅಲ್ಲಿ ನನ್ನ ಕೈ ನಿಂತಿತು. ನಿಮ್ಮ ಎರಡೂ ಕೈ ಬಂದು ಬಾರನ್ನು ಹಿಡಿದವು. ಬದುಕಿದೆ ಎಂದು ನಾನು ಸ್ವಲ್ಪ ಸಡಿಲ ಬಿಟ್ಟೆ. ಆಗ ನಿಮ್ಮ ಕೈ ಹೋಯಿತು. ಜಾರಲಿಲ್ಲ ಟೀಚರ್, ಹೋಯಿತು. ಕೆಂಡ ಮುಟ್ಟಿದವರು ತೆಗೆಯುವ ಹಾಗೆ.

ಪಕ್ಕೆಲುಬಿನಲ್ಲಿ ಸಣ್ಣ ಬಿರುಕು ಉಂಟು ಎಂದರು ಸುಳ್ಯದ ಡಾಕ್ಟರು. ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿದ್ದೇನೆ. ಕೆಮ್ಮು ಬಂದರೆ ಗೋಡೆ ಹಿಡಿಯುತ್ತೇನೆ. ನೀವು ಒಮ್ಮೆ ಬಂದು ಕಿತ್ತಳೆ ಕೊಟ್ಟು, ಹತ್ತು ನಿಮಿಷ ಕುಳಿತು, ನನ್ನ ಮುಖ ನೋಡದೆ ಎದ್ದು ಹೋದಿರಿ. ಅದಾಗಿ ನಾಲ್ಕನೆಯ ದಿನಕ್ಕೆ ಊರನ್ನೇ ಬಿಟ್ಟಿರಿ.

ಈಗ ವಿಷಯಕ್ಕೆ ಬರುತ್ತೇನೆ. ಫೆಬ್ರವರಿ ಹದಿನಾರರ ಭಾನುವಾರ ಮಂಡಲದ ಸಭೆ ಇದೆ. ಅಧ್ಯಕ್ಷರು ಯಾರೆಂದು ನಿಮಗೆ ಗೊತ್ತು, ನನ್ನ ಅತ್ತೆಯ ತಮ್ಮ ತೀರ್ಥರಾಮ ಮಾವ. ಬಾರ್ ಬಿದ್ದದ್ದು ಯಾಕೆ ಎಂದು ನಾವಿಬ್ಬರೂ ಬರೆದು ಕೊಡಬೇಕಂತೆ. "ಒಬ್ಬರನ್ನೊಬ್ಬರು ನೋಡಿಕೊಳ್ಳಲಿಕ್ಕೆ ಆಗದಿದ್ರೆ ಹೆಂಗಸರಿಗೆ ಜಿಮ್ಮು ಎಂತಕ್ಕೆ?" ಎಂದು ಅವರು ನಮ್ಮ ಜಗಲಿಯಲ್ಲೇ ಕುಳಿತು ಹೇಳಿದರು. ಸರಿಯಾದ ಕಾರಣ ಸಿಗದಿದ್ದರೆ ಆ ಒಂದು ಗಂಟೆ ಹೋಯಿತು ಎಂದೇ ಲೆಕ್ಕ. ಅದನ್ನು ಕೇಳಿ ತಂದವರು ನೀವೇ. ಮೂರು ಷರತ್ತಿಗೆ ಒಪ್ಪಿ, ನಿಮ್ಮ ಚಂದದ ಅಕ್ಷರದಲ್ಲಿ ಬರೆದು, ನಮ್ಮ ಆರು ಮಂದಿಯ ಸಹಿ ಹಾಕಿಸಿದಿರಿ: ಏಳಕ್ಕೆ ಜಾಗ ಖಾಲಿ ಮಾಡುವುದು, ಬಾಗಿಲು ತೆರೆದಿಡುವುದು, ಕೋಣೆಯಲ್ಲಿ ಆಂಜನೇಯನ ಪಟ ಇರುವುದರಿಂದ ಮುಟ್ಟಾದ ಮೂರು ದಿನ ಕಬ್ಬಿಣ ಮುಟ್ಟದಿರುವುದು.

ನನಗೆ ಆ ಗಂಟೆ ಬೇಕು ಟೀಚರ್. ದಿನದ ಉಳಿದ ಗಂಟೆಗಳಲ್ಲಿ ನಾನು ಸೊಸೆ, ಹೆಂಡತಿ, ಬ್ಲೌಸು ಬೇಗ ಕೊಡದ ಟೈಲರು. ಅದಕ್ಕೇ ಕೇಳುತ್ತಿದ್ದೇನೆ. ಕೈ ಯಾಕೆ ತೆಗೆದಿರಿ?

ಪ್ರಣೀತಾ

*

ಕಡಬ
24 ಜನವರಿ 2025

ಪ್ರೀತಿಯ ಪ್ರಣೀತಾ,

ನಿನ್ನ ಪತ್ರ ಬಂದಾಗ ತರಗತಿಯಲ್ಲಿದ್ದೆ. ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಮಕ್ಕಳಿಗೆ ಏನು ಪಾಠ ಮಾಡುತ್ತಿದ್ದೆ ಎಂಬುದೇ ಮರೆತುಹೋಯಿತು.

ನೋವು ಹೇಗಿದೆ? ಬಲಕ್ಕೆ ಹೊರಳಿ ಮಲಗಬೇಡ. ಆಳವಾಗಿ ಉಸಿರಾಡುವುದನ್ನು ಬಿಡಬೇಡ, ನೋವಾದರೂ ದಿನಕ್ಕೆ ಹತ್ತು ಸಲ ಮಾಡು.

ನಾನು ಓಡಿಬಂದದ್ದಲ್ಲ. ಇಲ್ಲಿ ವಿಜ್ಞಾನಕ್ಕೆ ಟೀಚರ್ ಇಲ್ಲವೆಂದು ನನ್ನನ್ನು ಈ ಶಾಲೆಗೆ ಹಾಕಿದರು. ಆದೇಶ ಬಂದ ಮಾರನೆಯ ದಿನವೇ ಹಾಜರಾಗಬೇಕಿತ್ತು. ಕದೀಜಮ್ಮ ದಾರಿಯಲ್ಲಿ ಸಿಕ್ಕಿದರು, ಹೇಳಿದೆ. ನಿನ್ನ ಮನೆಯವರೆಗೆ ಬರಲು ಸಮಯ ಆಗಲಿಲ್ಲ.

ನಡೆದದ್ದು ಸರಳ. ನನ್ನ ಅಂಗೈ ಬೆವರಿತ್ತು, ಬಾರ್ ಜಾರಿತು. ಭಾರವೂ ನಿನಗೆ ಸ್ವಲ್ಪ ಹೆಚ್ಚೇ ಆಯಿತು. ಮೂವತ್ತೇಳೂವರೆಯಲ್ಲಿ ಇನ್ನೂ ಎರಡು ವಾರ ಇರಬೇಕಿತ್ತು. ಅದು ನಿನ್ನ ತಪ್ಪಲ್ಲ, ಒಪ್ಪಿದ್ದು ನನ್ನ ತಪ್ಪು. ಸಭೆಗೆಂದು ನಾಲ್ಕು ಸಾಲು ಬರೆದು ಇದರ ಜೊತೆ ಇಟ್ಟಿದ್ದೇನೆ: "ಬೆವರಿನಿಂದ ಕೈ ಜಾರಿ ಆಕಸ್ಮಿಕವಾಗಿ ನಡೆದದ್ದು. ಇನ್ನು ಮುಂದೆ ತಲೆಯ ಹತ್ತಿರ ಇಬ್ಬರು ನಿಲ್ಲುವ ವ್ಯವಸ್ಥೆ ಮಾಡಿಕೊಳ್ಳುತ್ತೇವೆ." ನೀನೂ ಹೀಗೆಯೇ ಬರೆದು ಕೊಟ್ಟರೆ ಅವರಿಗೆ ಹೆಚ್ಚು ಕೆದಕಲು ಏನೂ ಸಿಗುವುದಿಲ್ಲ. ಗಂಟೆ ಉಳಿಯುತ್ತದೆ.

ಮೊದಲ ದಿನ ನೆನಪಿದೆಯಾ? ಬರೀ ಬಾರ್, ಇಪ್ಪತ್ತು ಕಿಲೋ. ತುಂಬಿದ ಗ್ಯಾಸ್ ಸಿಲಿಂಡರನ್ನೇ ಒಳಗೆ ಎಳೆದುಕೊಳ್ಳುವ ನಮಗೆ ಇದೇನು ಮಹಾ ಎಂದು ನೀನು ನಕ್ಕೆ. ಮಲಗಿ ಎತ್ತಿದಾಗ ಎಡಗೈ ಒಂದು ಕಡೆ, ಬಲಗೈ ಒಂದು ಕಡೆ ಹೋಗಿ ಬಾರ್ ತೊಟ್ಟಿಲಿನಂತೆ ತೂಗಿತು. ಪಾದ ನೆಲಕ್ಕೆ ಒತ್ತು, ಬೆನ್ನಿನ ಎರಡು ರೆಕ್ಕೆ ಎಲುಬುಗಳನ್ನು ಒಟ್ಟು ಸೇರಿಸು, ಮಣಿಕಟ್ಟು ಬಗ್ಗಿಸಬೇಡ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಅಂಥ ನೀನು ಐದೇ ತಿಂಗಳಲ್ಲಿ ನನ್ನ ಸಮಕ್ಕೆ ಬಂದೆ. ನನಗೆ ಅದು ಸಂತೋಷದ ವಿಷಯ. ಹಾಗೆಯೇ ನಂಬು.

ನಿನ್ನ,
ದೀಪಕ್ಕ

*

ಕೂಡುಮೂಲೆ
28 ಜನವರಿ 2025

ದೀಪಶ್ರೀ ಟೀಚರರಿಗೆ,

ನಿಮ್ಮ ನಾಲ್ಕು ಸಾಲನ್ನು ಬಟ್ಟೆಯ ಹಾಗೆ ತಿರುವಿ ಒಳಮೈ ನೋಡಿದೆ. ಹೊಲಿಗೆ ಬಿಟ್ಟಿದೆ.

ಬೆವರು ಎಂದಿದ್ದೀರಿ. ಜನವರಿಯ ಆರೂವರೆಗೆ ನಮ್ಮಲ್ಲಿ ಬಾಯಿಂದ ಹೊಗೆ ಬರುವ ಚಳಿ. ಅದೂ ಸಾಲದೆ ನೀವು ಯಾವಾಗಲೂ ಕೈಗೆ ಪೌಡರ್ ಹಚ್ಚಿಕೊಳ್ಳುವವರು. ನನ್ನ ಕಪ್ಪು ಟೀ ಶರ್ಟಿನ ಭುಜದ ಮೇಲೆ ನಿಮ್ಮ ಬೆರಳಿನ ಬಿಳಿ ಗುರುತು ಇತ್ತು, ಆಸ್ಪತ್ರೆಯಲ್ಲಿ ನೋಡಿದ್ದೇನೆ. ಬೆವರಿದ ಕೈಯ ಪೌಡರ್ ಹಾಗೆ ಅಂಟುವುದಿಲ್ಲ.

ಕದೀಜಮ್ಮನನ್ನು ಕೇಳಿದೆ. ಅವರು ಆ ಹೊತ್ತಿಗೆ ನಮ್ಮ ಎದುರೇ ಇದ್ದರಲ್ಲ. ಬೀಡಿ ಕಟ್ಟುತ್ತಾ ತಲೆ ಎತ್ತದೆ ಹೇಳಿದರು: "ಟೀಚರ್ ಬಾರ್ ನೋಡ್ತಾ ಇರ್ಲಿಲ್ಲ. ಅವರ ಕಾಲು ನೋಡ್ಕೊಂಡ್ರು. ಎರಡು ಮೊಣಕಾಲು ಒಟ್ಟಿಗೆ ಒತ್ತಿ ನಿಂತ್ರು." ಅದಕ್ಕೆ ಎಂತ ಅರ್ಥ ಎಂದು ಕೇಳಿದರೆ, "ನನ್ನ ಹತ್ರ ಕೇಳ್ಬೇಡ ಮಾರಾಯ್ತಿ, ಅವರ ಹತ್ರ ಕೇಳು" ಎಂದು ಮಡಿಲಲ್ಲಿದ್ದ ಬೀಡಿ ಎಲೆಯ ಸೂಪು ಎತ್ತಿಕೊಂಡು ಒಳಗೆ ಹೋದರು. ಅವರಿಗೂ ಏನೋ ಗೊತ್ತು. ನನಗೊಬ್ಬಳಿಗೇ ಗೊತ್ತಿಲ್ಲ.

ಇನ್ನೊಂದು. ಪುತ್ತೂರಿನಲ್ಲಿ ಜನವರಿ ಇಪ್ಪತ್ತಾರಕ್ಕೆ ಬೆಂಚ್ ಪ್ರೆಸ್ ಸ್ಪರ್ಧೆ ಇತ್ತು. ನಮ್ಮ ಮಂಡಲದಿಂದ ಹೆಂಗಸರ ಒಂದೇ ಹೆಸರು ಕಳಿಸಬಹುದಿತ್ತು. ನಾವಿಬ್ಬರೂ ಸಮ ಸಮ ಇದ್ದೆವು. ನಲವತ್ತು ಯಾರು ಮೊದಲು ಎತ್ತುತ್ತಾರೋ ಅವರು ಹೋಗುವುದು ಎಂದು ನಿಶ್ಚಯವಾಗಿತ್ತು, ಅದಕ್ಕೇ ನಾನು ಅವತ್ತು ನಲವತ್ತು ಹಾಕಿಸಿದ್ದು. ನಿನ್ನೆ ತೀರ್ಥರಾಮ ಮಾವ ಮಾತಿನ ನಡುವೆ ಹೇಳಿದರು, ಜನವರಿ ಹತ್ತಕ್ಕೆ ನಿಮ್ಮ ಹೆಸರು ಪುತ್ತೂರಿಗೆ ಹೋಗಿದೆಯಂತೆ. ಹತ್ತಕ್ಕೆ! ನಾನು ಎಕ್ಸ್-ರೇಗೆ ಹೋಗಿದ್ದ ದಿನ.

ಐದು ತಿಂಗಳಲ್ಲಿ ನಿಮ್ಮ ಸಮಕ್ಕೆ ಬಂದದ್ದು ನಿಮಗೆ ಸಂತೋಷ ಎಂದು ಬರೆದಿದ್ದೀರಿ. "ಹಾಗೆಯೇ ನಂಬು" ಎಂಬ ಮಾತನ್ನು ಯಾಕೆ ಸೇರಿಸಿದಿರಿ? ನಿಜವಾದ ಸಂತೋಷಕ್ಕೆ ಅದು ಬೇಕಾಗುವುದಿಲ್ಲ.

ಮೆಡಲ್ ಬಂತಾ?

ಪ್ರಣೀತಾ

*

ಕಡಬ
3 ಫೆಬ್ರವರಿ 2025

ಪ್ರಣೀತಾ ಅವರಿಗೆ,

ಇಪ್ಪತ್ತಾರರಂದು ನಾನು ಇಲ್ಲಿನ ಶಾಲೆಯಲ್ಲಿ ಧ್ವಜದ ಹಗ್ಗ ಹಿಡಿದು ನಿಂತಿದ್ದೆ. ಪುತ್ತೂರಿಗೆ ಹೋಗಿಲ್ಲ. ನನ್ನ ಹೆಸರು ಕೊಟ್ಟವರು ನಿಮ್ಮ ಮಾವನೇ, ನನ್ನನ್ನು ಕೇಳದೆ. ಅವರನ್ನೇ ಕೇಳಿ ನೋಡಿ. ಇಲ್ಲಿಗೆ ಬಂದ ಮೇಲೆ ನಾನು ಬಾರ್ ಮುಟ್ಟಿಯೇ ಇಲ್ಲ.

ಇಷ್ಟು ದಿನ ನೀವು ಕೇಳಿದಿರಿ. ಈಗ ನಾನು ಕೇಳುತ್ತೇನೆ. ಕಣ್ಣು ನಿಮಗೆ ಮಾತ್ರ ಇರುವುದಲ್ಲ.

ನೀವು ದಿನಾ ಒಳಗೆ ಬಂದವರು ಮೊದಲು ಆಂಜನೇಯನ ಪಟದ ಮುಂದೆ ನಿಲ್ಲುತ್ತೀರಿ. ಎತ್ತುವ ಮೊದಲು ಬಾರನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತೀರಿ. ಹೊಸ ಮಿಷನ್ನಿಗೆ ಮಾಡುವ ಹಾಗೆ ಎಂದು ನಾನು ಎಷ್ಟೋ ಸಲ ತಮಾಷೆ ಮಾಡಿದ್ದೇನೆ. ಒಂಬತ್ತನೆಯ ತಾರೀಕು ನೀವು ಪಟದ ಕಡೆ ಹೋಗಲಿಲ್ಲ. ಬಾಗಿಲಿನಿಂದ ನೇರ ಬೆಂಚಿಗೆ ಬಂದಿರಿ. ಬಾರನ್ನು ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಮಲಗುವಾಗ ಒಂದು ಕೈ ಹೊಟ್ಟೆಯ ಮೇಲಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಏನೋ ಕೇಳಿದಾಗ ನನ್ನನ್ನು ಹೊರಗೆ ಕಳಿಸಿದಿರಿ.

ನೀವು ಗರ್ಭಿಣಿಯಾಗಿದ್ದಿರಾ? ಅದನ್ನು ಮುಚ್ಚಿಟ್ಟು ನಲವತ್ತು ಕಿಲೋ ಹಾಕಿಸಿದಿರಾ? ಹಾಗಿದ್ದರೆ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸುವ ಮೊದಲು ನೀವೂ ಒಂದು ಮಾತು ಹೇಳಬೇಕಿತ್ತು. ಗೊತ್ತಿದ್ದರೆ ನಾನು ಬರೀ ಬಾರನ್ನೂ ಎತ್ತಲು ಬಿಡುತ್ತಿರಲಿಲ್ಲ.

ದೀಪಶ್ರೀ

*

ಕೂಡುಮೂಲೆ
6 ಫೆಬ್ರವರಿ 2025

ಟೀಚರ್,

ನನಗೆ ಮದುವೆಯಾಗಿ ಒಂಬತ್ತು ವರ್ಷ. ಆ ಪ್ರಶ್ನೆಯನ್ನು ಕೇಳದವರು ಈ ಊರಲ್ಲಿ ಯಾರೂ ಇಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಬ್ಲೌಸಿನ ಅಳತೆ ಕೊಡುವಾಗ ಕೈ ಮೇಲೆತ್ತಿಕೊಂಡೇ ಕೇಳಿದ್ದಾರೆ. ಆ ಕೋಣೆಯಲ್ಲಿ ಮಾತ್ರ ಯಾರೂ ಕೇಳಿರಲಿಲ್ಲ. ಅಲ್ಲಿ "ಇವತ್ತು ಎಷ್ಟು?" ಎಂದರೆ ಕಿಲೋ ಎಷ್ಟು ಎಂದು ಮಾತ್ರ. ನನಗೆ ಆ ಗಂಟೆ ಯಾಕೆ ಬೇಕು ಎಂಬುದಕ್ಕೆ ಇದೇ ಉತ್ತರ.

ಕಡೆಗೆ ನೀವೂ ಕೇಳಿದಿರಿ.

ಇಲ್ಲ. ನಾನು ಗರ್ಭಿಣಿಯಾಗಿರಲಿಲ್ಲ. ಅದಕ್ಕೆ ಸರಿಯಾಗಿ ಉಲ್ಟಾ ಇತ್ತು, ಇಷ್ಟು ಸಾಕು.

ಸಭೆಯಲ್ಲಿ ನಿಮ್ಮ ಕೈ ನೀವಾಗಿ ತೆಗೆದಿರಿ ಎಂದೇ ಬರೆದು ಕೊಡುತ್ತೇನೆ. ಕಾರಣ ಅವರೇ ಹುಡುಕಲಿ.

ಪ್ರ.

*

ಕಡಬ
11 ಫೆಬ್ರವರಿ 2025

ಪ್ರಣೀತಾ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಮೊದಲು ಕ್ಷಮೆ ಕೇಳುತ್ತೇನೆ. ಆ ಪ್ರಶ್ನೆ ನನ್ನ ಪೆನ್ನಿನಿಂದ ಬರಬಾರದಿತ್ತು. ನಿನ್ನ ಮೇಲೆ ಏನಾದರೂ ಹೊರಿಸಿದರೆ ನನ್ನದು ಮುಚ್ಚಿಹೋಗುತ್ತದೆ ಎಂದು ಬರೆದೆ. ಅದು ನನಗೆ ಬರೆಯುವಾಗಲೇ ಗೊತ್ತಿತ್ತು, ಅದಕ್ಕೇ ನಿನ್ನನ್ನು "ನೀವು" ಎಂದು ಕರೆದೆ.

ಕೈ ಜಾರಲಿಲ್ಲ. ನಾನೇ ತೆಗೆದೆ.

ನನಗೆ ಮೂವತ್ತೊಂಬತ್ತು. ಈಚೆಗೆ ತಿಂಗಳ ಲೆಕ್ಕ ಸರಿ ಇಲ್ಲ. ಆ ತಿಂಗಳು ಹನ್ನೊಂದು ದಿನ ಮುಂಚೆ ಬಂತು, ನಿನ್ನ ತಲೆಯ ಹತ್ತಿರ ನಿಂತಿದ್ದಾಗಲೇ, ನಿನ್ನ ಬಾರ್ ನಿಂತು ನಾನು ಹಿಡಿದ ಆ ಹೊತ್ತಿಗೇ. ಕಾಲಿಗೆ ಇಳಿದದ್ದು ಗೊತ್ತಾಯಿತು. ಕೈ ತಾನಾಗಿ ಕಬ್ಬಿಣದಿಂದ ಹಾರಿತು. ನಾನು ಯೋಚಿಸಲಿಲ್ಲ ಪ್ರಣೀತಾ. ಯೋಚಿಸಿದ್ದರೆ ತೆಗೆಯುತ್ತಿರಲಿಲ್ಲ.

ಬೆಟ್ಟಂಪಾಡಿಯ ನಮ್ಮ ಮನೆಯಲ್ಲಿ ಹದಿಮೂರನೆಯ ವರ್ಷದಿಂದ ಕಲಿತ ಪಾಠ ಅದು. ಆ ದಿನಗಳಲ್ಲಿ ಮರೆತು ಉಪ್ಪಿನಕಾಯಿ ಭರಣಿಗೋ ಬಾವಿಯ ಹಗ್ಗಕ್ಕೋ ಕೈ ಹಾಕಿದರೆ ನನ್ನ ಅಬ್ಬೆ ಶಂಕರಿ, "ಮುಟ್ಟೆಡ!" ಎಂದು ಒಂದು ಕೂಗು ಹಾಕುತ್ತಿದ್ದರು. ಆ ಕೂಗಿಗೆ ಕೈ ಹಿಂದೆ ಬರುತ್ತಿತ್ತು. ಆಮೇಲೆ ಕೂಗು ಬೇಕಾಗಲಿಲ್ಲ, ಕೈಗೇ ಗೊತ್ತಾಗುತ್ತಿತ್ತು. ಓದಿದೆ, ಟೀಚರಾದೆ, ಹತ್ತನೆಯ ತರಗತಿಯ ಹುಡುಗಿಯರಿಗೆ ಕಪ್ಪು ಹಲಗೆಯ ಮೇಲೆ ಗರ್ಭಕೋಶದ ಚಿತ್ರ ಬರೆದು, ಇದರಲ್ಲಿ ಮೈಲಿಗೆ ಏನೂ ಇಲ್ಲ ಎಂದು ಇಪ್ಪತ್ತು ಸಲ ಹೇಳಿದ್ದೇನೆ. ಷರತ್ತಿನ ಕಾಗದಕ್ಕೆ ಸಹಿ ಹಾಕಿಸುವಾಗ ನಿಮಗೆಲ್ಲ, "ಬರೆದು ಕೊಡುವ, ಪಾಲಿಸುದು ಬಿಡುದು ನಮ್ಮ ಕೈಯಲ್ಲಿ ಉಂಟು" ಎಂದು ನಕ್ಕವಳು ನಾನೇ. ನನ್ನ ಕೈಯಲ್ಲಿ ಏನಿತ್ತು ಎಂದು ನಿನ್ನ ಪಕ್ಕೆಲುಬಿಗೆ ಗೊತ್ತಾಯಿತು.

ಬಾರ್ ಬಿದ್ದ ಮರುಕ್ಷಣ ಎತ್ತಿದವಳೂ ನಾನೇ, ಕದೀಜಮ್ಮ ಇನ್ನೊಂದು ಕಡೆ ಹಿಡಿದರು. ಆಗ ಕಬ್ಬಿಣ ಮುಟ್ಟಲು ಏನೂ ಅಡ್ಡಿ ಬರಲಿಲ್ಲ. ಒಂದು ಕ್ಷಣ ಮುಂಚೆ ಯಾಕೆ ಅಡ್ಡಿ ಬಂತು ಎಂದು ಒಂದು ತಿಂಗಳಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನಾಚಿಕೆಯಾಗುತ್ತದೆ. ನಿನ್ನ ಮುಖ ನೋಡಲಾಗದೆ ಕಿತ್ತಳೆ ಇಟ್ಟು ಓಡಿಬಂದೆ. ಕಡಬಕ್ಕೆ ಯಾರನ್ನಾದರೂ ಕಳಿಸಬೇಕು ಎಂದು ಹೆಡ್‌ಮಾಸ್ಟರು ಹೇಳಿದಾಗ ಮೊದಲು ಕೈ ಎತ್ತಿದವಳು ನಾನು. ಆದೇಶ ಬಂತು ಎಂದು ಬರೆದದ್ದು ಅರ್ಧ ಸುಳ್ಳು.

ನಿಜ ಹೇಳಿದರೆ ತೀರ್ಥರಾಮರು, "ಅದಕ್ಕೇ ನಾವು ಷರತ್ತು ಹಾಕಿದ್ದು" ಎಂದು ಬಾಗಿಲು ಹಾಕುತ್ತಾರೆ. ಆದ್ದರಿಂದ ಬೆವರು ಎಂದೆ. ನಿನಗೆ ಮಾತ್ರ ಹೇಳಬಹುದಿತ್ತು. ಹೇಳಲಿಲ್ಲ. ಇದಕ್ಕೆ ಕ್ಷಮೆ ಕೇಳುವ ಮುಖ ಇಲ್ಲ.

ದೀಪಶ್ರೀ

*

ಕೂಡುಮೂಲೆ
13 ಫೆಬ್ರವರಿ 2025

ಟೀಚರ್,

ಓದಿ ನಕ್ಕೆ. ನಗುವಾಗ ಪಕ್ಕೆ ಹಿಡಿಯಿತು, ಆಮೇಲೆ ಅಳು ಬಂತು. ಅತ್ತರೂ ಅಲ್ಲೇ ನೋಯುತ್ತದೆ.

ಈಗ ನನ್ನದು ಕೇಳಿ. ಅವತ್ತು ನನಗೆ ಎರಡನೆಯ ದಿನ.

ನಲವತ್ತು ಯಾರು ಮೊದಲು ಎತ್ತುವುದು ಎಂಬ ಹಟದಲ್ಲಿ ಮೂರು ದಿನ ಮನೆಯಲ್ಲಿ ಕೂರಲು ನನಗೆ ಮನಸ್ಸಾಗಲಿಲ್ಲ. ಷರತ್ತು ಮುರಿದು ಬಂದೆ. ಪಟದ ಮುಂದೆ ನಿಲ್ಲಲು ಹೆದರಿಕೆ, ಬಾರನ್ನು ಕಣ್ಣಿಗೆ ಒತ್ತಿಕೊಳ್ಳಲು ಹೆದರಿಕೆ, ಹೊಟ್ಟೆ ಬೇರೆ ಹಿಂಡುತ್ತಿತ್ತು. ನೀವು ಎಲ್ಲವನ್ನೂ ಸರಿಯಾಗಿ ನೋಡಿದ್ದೀರಿ, ಲೆಕ್ಕ ಮಾತ್ರ ತಪ್ಪಿದ್ದೀರಿ.

ಬಾರ್ ಎದೆಯ ಮೇಲೆ ಇದ್ದಾಗ ನನ್ನ ಕಣ್ಣಿಗೆ ಕಂಡದ್ದು ಗೋಡೆಯ ಮೇಲಿನ ಆ ಪಟ. ಶಿಕ್ಷೆ ಸಿಕ್ಕಿತು ಎಂದೇ ಅಂದುಕೊಂಡೆ. ಒಂದು ತಿಂಗಳು ಅದೇ ಯೋಚನೆ. ಅದನ್ನು ಯಾರ ಹತ್ತಿರ ಹೇಳಲಿ? ನೀವು ಹೊಟ್ಟೆಕಿಚ್ಚಿನಿಂದ ಕೈ ಬಿಟ್ಟಿರಿ ಎಂದಾದರೆ ದೇವರು ಕೈ ಬಿಟ್ಟದ್ದಲ್ಲ ಎಂದಾಗುತ್ತದೆ. ಆದ್ದರಿಂದ ನಿಮ್ಮ ಬೆವರು, ನಿಮ್ಮ ಪೌಡರು, ನಿಮ್ಮ ಹೆಸರಿನ ಪಟ್ಟಿ, ಎಲ್ಲದರಲ್ಲೂ ಕಳ್ಳತನ ಹುಡುಕಿದೆ. ನೀವು ಕೆಟ್ಟವರಾಗಿರಬೇಕಿತ್ತು ನನಗೆ.

ಅತ್ತೆಯ ಮೇಲೂ ಸಂಶಯಪಟ್ಟೆ. ಆ ಮೂರು ದಿನ ನಮ್ಮಲ್ಲಿ ದೇವರ ದೀಪ ಹಚ್ಚುವುದು ಅತ್ತೆಯೇ, ಹಾಗಾಗಿ ಅವರಿಗೆ ನನ್ನ ದಿನ ಗೊತ್ತಿತ್ತು. ನಾನು ಬ್ಯಾಗ್ ಹಿಡಿದು ಹೊರಟದ್ದನ್ನು ನೋಡಿಯೂ ಇದ್ದರು. ಹೇಳಿಕೊಡಲು ತಮ್ಮನೇ ಅಧ್ಯಕ್ಷ. ತೀರ್ಥರಾಮ ಮಾವ ಜಗಲಿಗೆ ಬಂದಾಗಲೆಲ್ಲ ನಾನು ಬಾಗಿಲ ಹಿಂದೆ ಕಿವಿ ಕೊಟ್ಟು ನಿಂತಿದ್ದೇನೆ.

ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ. ಕೈ ತೆಗೆದದ್ದಕ್ಕೆ ಅಲ್ಲ, ಅದು ನನಗೆ ಅರ್ಥವಾಗುತ್ತದೆ, ನನ್ನ ಕೈಯೂ ಹಾಗೇ ಮಾಡುತ್ತಿತ್ತೋ ಏನೋ. ಒಂದು ತಿಂಗಳು ನನ್ನನ್ನು ಸಂಶಯದಲ್ಲಿ ಬೇಯಲು ಬಿಟ್ಟಿರಲ್ಲ, ಅದಕ್ಕೆ.

ಭಾನುವಾರ ಸಭೆ. ಬೆವರು ಎಂದು ಓದುವುದಿಲ್ಲ. ನನ್ನದನ್ನು ನಾನು ಹೇಳುತ್ತೇನೆ. ನಿಮ್ಮದನ್ನು ಹೇಳಲಾ? ಬೇಡ ಎಂದರೆ ಹೇಳುವುದಿಲ್ಲ, ಆದರೆ ಅರ್ಧವೇ ಹೇಳಿದರೆ ಅವರು ಇದು ನನ್ನ ಶಿಕ್ಷೆ ಎಂದೇ ತೀರ್ಮಾನ ಮಾಡುತ್ತಾರೆ. ಅಂಚೆಗೆ ಸಮಯವಿಲ್ಲ, ಫೋನು ನನಗೆ ಇನ್ನೂ ಬೇಡ. ಇದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ, ನಿಮ್ಮ ಶಾಲೆಯ ಎದುರಿನ ಅಲಿ ಕುಂಞಿಯವರ ಅಂಗಡಿಯಲ್ಲಿ ಇಡುತ್ತಾನೆ. ಉತ್ತರವನ್ನೂ ಹಾಗೇ ಕಳಿಸಿ.

ಪ್ರಣೀತಾ

*

ಕಡಬ
15 ಫೆಬ್ರವರಿ 2025, ಬಸ್ಸು ಹೊರಡುವ ಮುಂಚೆ

ಹೇಳು. ನನ್ನ ಹೆಸರು, ಕೆಲಸ, ಊರು ಎಲ್ಲ ಸೇರಿಸಿ ಹೇಳು. ಷರತ್ತನ್ನು ಬರೆದ ಅಕ್ಷರ ನನ್ನದು ಎಂದೂ ಹೇಳು. ನಾಳೆ ಶಾಲೆಯಲ್ಲಿ ಪರೀಕ್ಷೆಯ ತರಬೇತಿ ಇದೆ, ಬರಲಾಗುವುದಿಲ್ಲ ಎಂದು ಬರೆಯಲು ಹೊರಟೆ. ತರಬೇತಿ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಬರಲು ಧೈರ್ಯ ಇಲ್ಲ, ಅಷ್ಟೆ.

ದೀಪಶ್ರೀ

*

ಕೂಡುಮೂಲೆ
18 ಫೆಬ್ರವರಿ 2025

ದೀಪಕ್ಕ,

ಹೇಳಿದೆ.

ಸಭೆಯಲ್ಲಿ ಹದಿನಾಲ್ಕು ಗಂಡಸರು, ನಾವು ಐದು ಹೆಂಗಸರು, ಮತ್ತೆ ಹಿಂದಿನ ಬೆಂಚಿನಲ್ಲಿ ನನ್ನ ಅತ್ತೆ. ಅವರು ಯಾಕೆ ಬಂದರು ಎಂದು ನನಗೆ ಗೊತ್ತಿರಲಿಲ್ಲ. ತಮ್ಮನ ಪರವಾಗಿ ಸಾಕ್ಷಿ ಹೇಳಲು ಬಂದಿದ್ದಾರೆ ಎಂದೇ ಅಂದುಕೊಂಡೆ. ನನ್ನವರು, ಲತೀಶ್, ನನ್ನ ಪಕ್ಕದಲ್ಲಿ ಕುಳಿತು ಇಡೀ ಹೊತ್ತು ಬೈಕಿನ ಕೀಯನ್ನು ತಿರುಗಿಸುತ್ತಿದ್ದರು.

ನಿಂತು ಓದಿದೆ. ನನಗೆ ಎರಡನೆಯ ದಿನ ಆಗಿತ್ತು, ನಾನು ಕಬ್ಬಿಣ ಮುಟ್ಟಿದೆ, ನಲವತ್ತು ಕಿಲೋವನ್ನು ಅರ್ಧ ಎತ್ತಿದೆ, ಆಗ ಏನೂ ಆಗಲಿಲ್ಲ. ದೀಪಶ್ರೀ ಟೀಚರಿಗೆ ಅದೇ ಹೊತ್ತಿಗೆ ಆಯಿತು, ಷರತ್ತು ನೆನಪಾಗಿ ಅವರ ಕೈ ಹಿಂದೆ ಹೋಯಿತು, ಆಗ ಬಾರ್ ಬಿತ್ತು. ಷರತ್ತು ಮುರಿದವಳಿಂದ ಬಿದ್ದದ್ದಲ್ಲ, ಪಾಲಿಸಿದವರಿಂದ ಬಿದ್ದದ್ದು. ಇಷ್ಟೇ. ನೀವಾದರೆ ಇನ್ನೂ ಚಂದ ಬರೆಯುತ್ತಿದ್ದಿರಿ.

ಮಂಡಲದ ಕಾರ್ಯದರ್ಶಿ ಕೀರ್ತನ್ ನೆಲ ನೋಡಿದ. ಅವನ ಮುಖ ನೋಡಬೇಕಿತ್ತು ನೀವು, ಹುಣಸೆಹಣ್ಣು ನುಂಗಿದವನಂತಿತ್ತು. ಕಡೆಗೆ ತೀರ್ಥರಾಮ ಮಾವ ಗಂಟಲು ಸರಿಮಾಡಿ ಹಿಂದಕ್ಕೆ ತಿರುಗಿದರು.

"ಅಕ್ಕಾ, ನಿನಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಾಗಿಲು ಹಾಕ್ತಿ. ಅಲ್ಲಿಗೆ ಹೋಗ್ಲಿಕ್ಕೆ ಸುರು ಮಾಡಿದ ಮೇಲೆ ಇವಳು ಮನೆಯಲ್ಲಿ ನಗ್ತಾಳೆ. ಒಂಬತ್ತು ವರ್ಷದಲ್ಲಿ ನಾನು ಅದನ್ನು ಕೇಳಿದ್ದು ಕಮ್ಮಿ."

ದೀಪಕ್ಕ, ನಾನು ಬಾಗಿಲ ಹಿಂದೆ ಕಿವಿ ಕೊಟ್ಟು ನಿಂತು ಸಂಶಯಪಟ್ಟದ್ದು ಈ ಹೆಂಗಸಿನ ಮೇಲೆ. ಮನೆಗೆ ಬಂದು ಅವರ ಕಾಲು ಹಿಡಿದೆ. "ಏಳು ಮಾರಾಯ್ತಿ, ಬಗ್ಗಿದ್ರೆ ಪಕ್ಕೆ ನೋವುದಿಲ್ವಾ" ಎಂದರು.

ತೀರ್ಮಾನ ಕೇಳಿ. ಷರತ್ತನ್ನು ತೆಗೆಯಲು ತೀರ್ಥರಾಮ ಮಾವನಿಗೆ ಮನಸ್ಸಿಲ್ಲ, ಅಕ್ಕನ ಮಾತು ಮೀರಲು ಧೈರ್ಯವಿಲ್ಲ. ಕಡೆಗೆ ಹೀಗೆ ಮಾಡಿದರು: ಪಟ ಒಳಗೇ ಇರಲಿ, ಹೆಂಗಸರ ಸಮಯದಲ್ಲಿ ಬೆಂಚು, ಬಾರು, ಪ್ಲೇಟುಗಳು ಹೊರಗಿನ ಜಗಲಿಗೆ ಬರಲಿ. ಯಾರಿಗೆ ಯಾವ ದಿನ ಎಂದು ಯಾರೂ ಕೇಳುವುದಿಲ್ಲ. ದಿನಾ ಹೊತ್ತು ತಂದು ದಿನಾ ಹೊತ್ತು ಒಳಗಿಡುವುದು ನಮ್ಮ ಕೆಲಸ. ಜಗಲಿ ರಸ್ತೆಗೇ ಕಾಣುತ್ತದೆ, ನಾವು ನಾಚಿ ನಾಲ್ಕು ದಿನದಲ್ಲಿ ನಿಲ್ಲಿಸುತ್ತೇವೆ ಎಂದು ಅವರ ಯೋಚನೆ ಇರಬೇಕು. ನನಗೆ ಇನ್ನೂ ಸಂಶಯದ ಬುದ್ಧಿ ಹೋಗಿಲ್ಲ ನೋಡಿ.

ಆದರೆ ಅವರು ಒಂದು ವಿಷಯ ಮರೆತರು. ಜಗಲಿಯ ಎದುರೇ ಹಾಲಿನ ಸೊಸೈಟಿ. ಆರೂವರೆಗೆ ಅಲ್ಲಿ ಹಾಲು ಅಳೆಸಲು ಮೂವತ್ತು ಹೆಂಗಸರು ಸಾಲಾಗಿ ನಿಲ್ಲುತ್ತಾರೆ. ನಿನ್ನೆ ಅವರೆಲ್ಲ ನೋಡಿ ಬಾಯಿಗೆ ಸೆರಗು ಇಟ್ಟು ನಕ್ಕರು. ಕದೀಜಮ್ಮ ತಲೆಗೆ ಬಟ್ಟೆ ಬಿಗಿದು ಇಪ್ಪತ್ತೈದು ಕಿಲೋವನ್ನು ಎಂಟು ಸಲ ಎತ್ತಿದರು. ಇವತ್ತು ಇಬ್ಬರು ಹಾಲಿನ ಕ್ಯಾನನ್ನು ನೆಲದಲ್ಲಿಟ್ಟು ಮೆಟ್ಟಿಲು ಹತ್ತಿ ಬಂದರು. "ಬರೀ ಸಲಾಕೆ ಒಮ್ಮೆ ಕೊಡಿ, ನೋಡುವ" ಎಂದರು. ಇಬ್ಬರ ಕೈಯೂ ನಡುಗಿತು, ನಮ್ಮದು ನಡುಗಿದ ಹಾಗೆಯೇ.

ನೀವು ಶನಿವಾರ ಸಂಜೆ ಬನ್ನಿ. ನಮ್ಮಲ್ಲೇ ಉಳಿಯಿರಿ, ಇದು ಅತ್ತೆ ಹೇಳಿ ಬರೆಸಿದ ಮಾತು. ಭಾನುವಾರ ಬೆಳಗ್ಗೆ ಆರಕ್ಕೆ ಒಟ್ಟಿಗೆ ಹೋಗುವ.

ನಿಮ್ಮನ್ನು ಕ್ಷಮಿಸಿದೆನಾ ಎಂದು ಕೇಳಬೇಡಿ. ಅರ್ಧ ಆಗಿದೆ. ನನಗೆ ಇನ್ನೂ ಒಂದು ತಿಂಗಳು ಭಾರ ಎತ್ತಲು ಇಲ್ಲ ಎಂದಿದ್ದಾರೆ ಡಾಕ್ಟರು, ಆದರೆ ಪಕ್ಕೆಲುಬು ಪೂರ್ತಿ ಕೂಡಿದರೂ ನಿಮ್ಮ ಕೈಯ ಕೆಳಗೆ ಮಲಗಲು ನನಗೆ ಸದ್ಯಕ್ಕೆ ಧೈರ್ಯ ಬರುವುದಿಲ್ಲ. ಇದನ್ನು ಮುಚ್ಚಿಟ್ಟರೆ ಮತ್ತೆ ಒಂದು ತಿಂಗಳು ಕಾಗದ ಬರೆಯಬೇಕಾಗುತ್ತದೆ.

ಆದ್ದರಿಂದ ಭಾನುವಾರ ಮಲಗುವುದು ನೀವು. ಒಂದು ತಿಂಗಳಿನಿಂದ ಕಬ್ಬಿಣ ಮುಟ್ಟದವರು, ಬರೀ ಬಾರ್ ಸಾಕು. ತಲೆಯ ಹತ್ತಿರ ನಾನು ನಿಲ್ಲುತ್ತೇನೆ, ಭಾರ ತೆಗೆದುಕೊಳ್ಳಲು ಎದುರು ಕದೀಜಮ್ಮ ಇರುತ್ತಾರೆ. ಬೇಕೆಂದೇ ಕೈಯನ್ನು ಅರ್ಧದಲ್ಲಿ ನಿಲ್ಲಿಸಿ ಕೆಳಗಿನಿಂದ ನನ್ನ ಮುಖ ನೋಡಿ. ನಾನು ಹಿಡಿಯುತ್ತೇನೋ ಇಲ್ಲವೋ ಎಂದು ನಿಮಗೂ ಒಂದು ಕ್ಷಣ ಅನ್ನಿಸಲಿ.

ಪ್ರಣೀತಾ